ಹಿಮದಲ್ಲಿ ಮೂರು ಗಂಟೆ ನಿಂತ ಮೆಕ್ಯಾನಿಕಲ್ ಹುಡುಗ

ಮೆಕ್ಯಾನಿಕಲ್ ಸೇರಿ ಆಮೇಲೆ ಬೇರೇನೋ ಆದವರ ಪಟ್ಟಿ ಯಾವ ಕಾಲೇಜಲ್ಲಿ ಕೇಳಿದ್ರೂ ಉದ್ದ ಇರತ್ತೆ. ಸಿನಿಮಾಕ್ಕೆ ಹೋದವರಿದ್ದಾರೆ, ಕೆಎಎಸ್ ಬರೆದವರಿದ್ದಾರೆ, ಅಪ್ಪನ ಅಡಿಕೆ ತೋಟಕ್ಕೆ ವಾಪಸ್ ಹೋದವರಿದ್ದಾರೆ. ಆ ಪಟ್ಟಿಗೆ ಇನ್ನೊಂದು ಹೆಸರು ಸೇರಿಸೋಣ ಅಂತ ಈ ಸಂಚಿಕೆಗೆ ನಾವು ಆರಿಸಿಕೊಂಡದ್ದು ಆಲ್ಫ್ರೆಡ್ ಸ್ಟೀಗ್ಲಿಟ್ಜ್ ಅನ್ನೋನ ಕಥೆ. ಫೋಟೋಗ್ರಫಿ ಕ್ಲಬ್ಬಿನ ಗೆಳೆಯರಿಗೆ ಈ ಹೆಸರು ಗೊತ್ತಿರತ್ತೆ. ಮಿಕ್ಕವರಿಗೆ ಇಷ್ಟು ಹೇಳಿದ್ರೆ ಸಾಕು: ಚಳಿಗಾಲದ ಒಂದು ನಗರವನ್ನ, ಅದರ ಕುದುರೆ, ಕೆಸರು, ಹಬೆ, ದೀಪ, ಗಾಡಿ ಹೊಡೆಯೋರ ಸಮೇತ, ನೋಡೋಕೆ ಯೋಗ್ಯವಾದ ವಿಷಯ ಅಂತ ಕ್ಯಾಮೆರಾದಿಂದ ತೋರಿಸಿಕೊಟ್ಟವರಲ್ಲಿ ಇವನು ಮೊದಲ ಸಾಲಿನವನು. ಕೊನೇವರೆಗೂ ತನ್ನನ್ನ ಹವ್ಯಾಸಿ ಅಂತಲೇ ಕರೆದುಕೊಂಡ. ದುಡ್ಡಿಗಾಗಿ ಯಾರ ಫೋಟೋನೂ ತೆಗೆದುಕೊಡಲಿಲ್ಲ.

ಹುಟ್ಟಿದ್ದು 1864ರ ಜನವರಿ 1ರಂದು, ನ್ಯೂಯಾರ್ಕಿನ ಎದುರು ದಡದ ಹೋಬೋಕೆನ್ ಊರಿನಲ್ಲಿ. ಅಪ್ಪ ಎಡ್ವರ್ಡ್, ಅಮ್ಮ ಹೆಡ್ವಿಗ್. ಇಬ್ಬರೂ ಜರ್ಮನಿಯಿಂದ ಬಂದು ನೆಲೆಸಿದ ಯಹೂದಿ ಮನೆತನದವರು. ಅಪ್ಪ ಉಣ್ಣೆ ವ್ಯಾಪಾರದಲ್ಲಿ ಚೆನ್ನಾಗಿ ದುಡಿದಿದ್ದ. ಆರು ಮಕ್ಕಳಲ್ಲಿ ಆಲ್ಫ್ರೆಡ್ ದೊಡ್ಡವನು. ಅವನ ಬೆನ್ನಿಗೆ ಬಂದ ತಮ್ಮಂದಿರಲ್ಲಿ ಜೂಲಿಯಸ್ ಮುಂದೆ ಷಿಕಾಗೋ ವಿಶ್ವವಿದ್ಯಾಲಯದಲ್ಲಿ ದೊಡ್ಡ ರಸಾಯನಶಾಸ್ತ್ರಜ್ಞನಾದ, ಲಿಯೋಪೋಲ್ಡ್ ಡಾಕ್ಟರಾದ. ಅಂದ್ರೆ ನಮ್ಮೂರ ಭಾಷೆಯಲ್ಲಿ ಹೇಳೋದಾದ್ರೆ, ತಮ್ಮಂದಿರೆಲ್ಲ ದಡ ಸೇರಿದ್ರು, ದೊಡ್ಡೋನು ಮಾತ್ರ ಕ್ಯಾಮೆರಾ ಹಿಡ್ಕೊಂಡು ಓಡಾಡ್ತಿದ್ದ.

ಮಕ್ಕಳಿಗೆ ಒಳ್ಳೆ ಶಿಕ್ಷಣ ಸಿಗಬೇಕು ಅಂತ ಅಪ್ಪ 1881ರಲ್ಲಿ ವ್ಯಾಪಾರ ಮಾರಿ ಇಡೀ ಸಂಸಾರವನ್ನ ಯೂರೋಪಿಗೆ ಕರೆದುಕೊಂಡು ಹೋದ. ಆಲ್ಫ್ರೆಡ್ ಕಾರ್ಲ್ಸ್‌ರೂಹೆಯಲ್ಲಿ ಶಾಲೆ ಓದಿ, 1882ರಲ್ಲಿ ಬರ್ಲಿನ್ನಿನ ತಾಂತ್ರಿಕ ಮಹಾವಿದ್ಯಾಲಯದಲ್ಲಿ ಮೆಕ್ಯಾನಿಕಲ್ ಎಂಜಿನಿಯರಿಂಗ್‌ಗೆ ಸೇರಿದ. ಯಾಕೆ ಮೆಕ್ಯಾನಿಕಲ್? ಅಪ್ಪ ಹೇಳಿದ್ರು, ಇವನು ಹೂಂ ಅಂದ, ಅಷ್ಟೇ. ಇದನ್ನ ಓದಿ ನಿಮ್ಮಲ್ಲಿ ಅರ್ಧ ಜನ ನಗ್ತಿದ್ದೀರಿ ಅಂತ ನಮಗೆ ಗೊತ್ತು.

ತರಗತಿಗಳು ಅವನಿಗೆ ಹಿಡಿಸಲಿಲ್ಲ. ಬಿಲಿಯರ್ಡ್ಸ್, ಒಪೆರಾ, ಪುಸ್ತಕ ಅಂತ ಕಾಲ ಕಳೀತಿದ್ದ. ಆ ಹೊತ್ತಿಗೆ ಸಿಕ್ಕವರು ಹರ್ಮನ್ ವಿಲ್ಹೆಲ್ಮ್ ಫೋಗೆಲ್ ಅನ್ನೋ ಮೇಷ್ಟ್ರು. ಇವರ ಬಗ್ಗೆ ಎರಡು ಮಾತು ಹೇಳಲೇಬೇಕು, ಯಾಕಂದ್ರೆ ಕೆಮಿಸ್ಟ್ರಿ ಲ್ಯಾಬಿನಲ್ಲಿ ಆಕಳಿಸೋ ನಮಗೆಲ್ಲ ಇವರು ಗೊತ್ತಿರಬೇಕು. ಆ ಕಾಲದ ಫೋಟೋ ಪ್ಲೇಟುಗಳಿಗೆ ನೀಲಿ ಬೆಳಕು ಮಾತ್ರ ಚೆನ್ನಾಗಿ ಕಾಣ್ತಿತ್ತು. ಹಸಿರು, ಹಳದಿ, ಕೆಂಪು ಎಲ್ಲ ಹೆಚ್ಚುಕಮ್ಮಿ ಕಪ್ಪಾಗಿ ಬರ್ತಿತ್ತು. ಪ್ಲೇಟಿನ ಲೇಪಕ್ಕೆ ಒಂದು ಬಣ್ಣದ ಪುಡಿ ಸೇರಿಸಿದ್ರೆ ಅದು ಬೇರೆ ಬಣ್ಣದ ಬೆಳಕನ್ನೂ ಹೀರಿಕೊಳ್ಳತ್ತೆ ಅಂತ 1873ರಲ್ಲಿ ಕಂಡುಹಿಡಿದದ್ದು ಇದೇ ಫೋಗೆಲ್. ಮುಂದೆ ಬಂದ ಕಲರ್ ಫಿಲ್ಮಿಗೂ ದಾರಿ ತೆರೆದ ಶೋಧ ಅದು.

ಫೋಗೆಲ್ ಮೇಷ್ಟ್ರು ಕೊಡ್ತಿದ್ದ ಒಂದು ಅಭ್ಯಾಸದ ಕಥೆಯನ್ನ ಸ್ಟೀಗ್ಲಿಟ್ಜ್ ಮುದುಕನಾದ ಮೇಲೂ ಹೇಳ್ತಿದ್ದನಂತೆ. ಬಿಳಿ ಪ್ಲಾಸ್ಟರಿನ ಒಂದು ಪ್ರತಿಮೆ, ಅದಕ್ಕೆ ಹೊದಿಸಿದ ಕಪ್ಪು ವೆಲ್ವೆಟ್ ಬಟ್ಟೆ. ಎರಡನ್ನೂ ಒಂದೇ ಪ್ಲೇಟಿನಲ್ಲಿ ತೆಗೀಬೇಕು. ಬಿಳಿಯಲ್ಲಿ ಆಕಾರ ಅಳಿಸಿಹೋಗಬಾರದು, ಕಪ್ಪಿನಲ್ಲಿ ಬಟ್ಟೆಯ ಮಡಿಕೆ ಮುಳುಗಬಾರದು. ಉಳಿದ ಹುಡುಗರು ಒಂದೆರಡು ಸಲ ತೆಗೆದು ರೆಕಾರ್ಡ್ ಬರೆದು ಕೈತೊಳೆದುಕೊಂಡ್ರು. ಇವನು ವಾರಗಟ್ಟಲೆ ಅದನ್ನೇ ಹಿಡಿದು ಕೂತ. ಕೊನೆಗೆ ಮೇಷ್ಟ್ರೇ ಬಂದು, ಮನುಷ್ಯರ ಕೈಲಿ ಆಗೋದು ಇಷ್ಟೇ ಕಣಪ್ಪಾ, ಬಿಡು ಅನ್ನಬೇಕಾಯ್ತು. ಇನ್ನೊಂದು ಸಲ ನೆಲಮಾಳಿಗೆಯ ಕತ್ತಲಲ್ಲಿದ್ದ ಒಂದು ಡೈನಮೋವನ್ನ ಮಂಕು ಬಲ್ಬೊಂದರ ಬೆಳಕಿನಲ್ಲಿ ತೆಗೀಬಹುದಾ ಅಂತ ಮಾತು ಬಂತು. ಹಗಲು ಬೆಳಕಿಲ್ಲದೆ ಫೋಟೋನೇ ಇಲ್ಲ ಅಂತ ಎಲ್ಲರೂ ನಂಬಿದ್ದ ಕಾಲ. ಇವನು ಕ್ಯಾಮೆರಾ ಇಟ್ಟು, ಲೆನ್ಸ್ ತೆರೆದು, ಇಪ್ಪತ್ನಾಲ್ಕು ಗಂಟೆ ಬಿಟ್ಟು ಬಂದ. ಚಿತ್ರ ಬಂತು.

ಈ ಎರಡು ಕಥೆ ನೆನಪಿಟ್ಟುಕೊಳ್ಳಿ. ಮುಂದೆ ಅವನು ತೆಗೆದ ಹಿಮದ ಚಿತ್ರಗಳಲ್ಲಿ ಇರೋದು ಇದೇ ಲೆಕ್ಕ: ಬಿಳಿ ಬೀದಿ, ಕಪ್ಪು ಕುದುರೆ. ಮತ್ತೆ ಅವನ ರಾತ್ರಿಯ ಚಿತ್ರಗಳಲ್ಲಿ ಇರೋದು ಆ ನೆಲಮಾಳಿಗೆ.

ಮೆಕ್ಯಾನಿಕಲ್ ಅಲ್ಲಿಗೇ ನಿಂತುಹೋಯ್ತು. ಪದವಿ ಪೂರ್ತಿ ಮಾಡಲಿಲ್ಲ. ಅಪ್ಪ ಕಳಿಸ್ತಿದ್ದ ದುಡ್ಡಿನಲ್ಲಿ ಜರ್ಮನಿ, ಇಟಲಿ, ಹಾಲೆಂಡ್ ಸುತ್ತಿದ. ರೈತರು, ಮೀನುಗಾರರು, ಬೀದಿ ಮಕ್ಕಳು ಇವರ ಚಿತ್ರ ತೆಗೆದ. 1887ರಲ್ಲಿ ಲಂಡನ್ನಿನ 'ಅಮೆಚೂರ್ ಫೋಟೋಗ್ರಾಫರ್' ಪತ್ರಿಕೆಯ ಸ್ಪರ್ಧೆಗೆ ಇಟಲಿಯ ಬೆಲ್ಲಾಜಿಯೋದಲ್ಲಿ ತೆಗೆದ ಒಂದು ಚಿತ್ರ ಕಳಿಸಿದ. ಗುಂಪುಗೂಡಿ ನಗ್ತಿರೋ ಮಕ್ಕಳ ಚಿತ್ರ ಅದು. ತೀರ್ಪುಗಾರ ಪೀಟರ್ ಹೆನ್ರಿ ಎಮರ್ಸನ್ ಮೊದಲ ಬಹುಮಾನ ಕೊಟ್ಟ. ಆ ವರ್ಷ ಬಂದ ಚಿತ್ರಗಳಲ್ಲಿ ತನ್ನಷ್ಟಕ್ಕೆ ತಾನು ಸಹಜವಾಗಿರೋದು ಇದೊಂದೇ ಅನ್ನೋ ಅರ್ಥದ ಮಾತನ್ನೂ ಎಮರ್ಸನ್ ಆಡಿದ್ದ. ಕಾಲೇಜು ಬಿಟ್ಟವನಿಗೆ ಬೆಳ್ಳಿ ಪದಕ, ಎರಡು ಗಿನಿ.

1890ರಲ್ಲಿ ತಂಗಿ ಫ್ಲೋರಾ ಹೆರಿಗೆಯಲ್ಲಿ ತೀರಿಹೋದಳು. ಮನೆಯವರು ಕರೆಸಿಕೊಂಡ್ರು. ಒಂಬತ್ತು ವರ್ಷದ ಮೇಲೆ ನ್ಯೂಯಾರ್ಕಿಗೆ ಬಂದವನಿಗೆ ಊರು ಬರಿದು ಅನ್ನಿಸಿತು. ಗಲೀಜು ಬೀದಿ, ಎಲ್ಲರಿಗೂ ಅವಸರ, ಬರ್ಲಿನ್ನಿನ ಕಾಫಿ ಅಂಗಡಿಗಳಿಲ್ಲ, ಸಂಗೀತ ಇಲ್ಲ. ಅಪ್ಪ ಮಗನಿಗೊಂದು ದಾರಿ ಆಗಲಿ ಅಂತ ಗೆಳೆಯರ ಜೊತೆ ಸೇರಿಸಿ ಫೋಟೋ ಬ್ಲಾಕ್ ಮಾಡೋ ಒಂದು ಕಂಪನಿಗೆ ದುಡ್ಡು ಹಾಕಿಕೊಟ್ಟ. ಇವನು ಅಲ್ಲಿ ಕೆಲಸಗಾರರಿಗೆ ಒಳ್ಳೆ ಸಂಬಳ ಕೊಟ್ಟ, ಕೆಲಸ ಸರಿ ಬರೋವರೆಗೂ ಬಿಡಲಿಲ್ಲ, ಲಾಭ ಮಾತ್ರ ಮಾಡಲಿಲ್ಲ. 1895ರ ಹೊತ್ತಿಗೆ ಅದನ್ನೂ ಬಿಟ್ಟ. ಆದರೆ ಅಲ್ಲಿ ಕಲಿತ ಫೋಟೋಗ್ರೇವ್ಯೂರ್ ಅನ್ನೋ ವಿದ್ಯೆ ಕೊನೇತನಕ ಕೈಹಿಡಿಯಿತು. ತಾಮ್ರದ ತಗಡಿನ ಮೇಲೆ ಚಿತ್ರವನ್ನ ಆಸಿಡ್‌ನಿಂದ ಕೊರೆದು, ಕೊರೆದ ಗುಂಡಿಗಳಿಗೆ ಇಂಕು ತುಂಬಿ, ಒದ್ದೆ ಕಾಗದಕ್ಕೆ ಒತ್ತಿ ತೆಗೆಯೋ ಕ್ರಮ ಅದು. ಗುಂಡಿ ಆಳ ಇದ್ದಷ್ಟು ಇಂಕು ಜಾಸ್ತಿ, ಅಲ್ಲಿ ಕಪ್ಪು ಗಾಢ. ಒಳ್ಳೆ ಫೋಟೋಗ್ರೇವ್ಯೂರ್ ನೋಡಿದ್ರೆ ಅದು ಅಚ್ಚು ಅಂತ ಹೇಳೋಕೆ ಆಗಲ್ಲ.

ಇನ್ನು ಆ ಪ್ರಸಿದ್ಧ ದಿನಕ್ಕೆ ಬರೋಣ.

ಆಗ ಫೋಟೋ ತೆಗೆಯೋದ್ರಲ್ಲಿ ಎರಡು ಜಾತಿ ಆಗಿತ್ತು. ಒಂದು, ದೊಡ್ಡ ಕ್ಯಾಮೆರಾವನ್ನ ಮೂರುಕಾಲಿನ ಮೇಲೆ ನಿಲ್ಲಿಸಿ ತೆಗೆಯೋ ಗಂಭೀರ ಜನ. ಇನ್ನೊಂದು, 1888ರಲ್ಲಿ ಕೊಡ್ಯಾಕ್ ಕಂಪನಿ ಬಿಟ್ಟ ಡಬ್ಬಿ ಕ್ಯಾಮೆರಾ ಕೊಂಡ ಜನ. ಅದರೊಳಗೆ ನೂರು ಚಿತ್ರದ ರೋಲ್. ಗುಂಡಿ ಒತ್ತೋದು, ಮುಗಿದ ಮೇಲೆ ಕ್ಯಾಮೆರಾನೇ ಕಂಪನಿಗೆ ಕಳಿಸೋದು, ತೊಳೆದು ಪ್ರಿಂಟ್ ಹಾಕಿ ಅವರೇ ವಾಪಸ್ ಕಳಿಸ್ತಾರೆ. ಗಂಭೀರ ಜನಕ್ಕೆ ಕೈಕ್ಯಾಮೆರಾ ಅಂದ್ರೇನೇ ಅಸಡ್ಡೆ. ಸ್ಟೀಗ್ಲಿಟ್ಜ್‌ಗೂ ಮೊದಮೊದಲು ಅದೇ ಧೋರಣೆ ಇತ್ತು. ಆದರೆ ಬೀದಿಯಲ್ಲಿ ಓಡೋ ಬದುಕನ್ನ ಹಿಡೀಬೇಕು ಅಂದ್ರೆ ಮೂರುಕಾಲು ನಿಲ್ಲಿಸಿಕೊಂಡು ಕೂತರೆ ಆಗಲ್ಲ ಅಂತ ಅವನಿಗೆ ಹೊಳೆದುಬಿಟ್ಟಿತು. ನಾಲ್ಕು ಇಂಚು ಅಗಲ ಐದು ಇಂಚು ಉದ್ದದ ಗಾಜಿನ ಪ್ಲೇಟ್ ಹಾಕೋ ಕೈಕ್ಯಾಮೆರಾ ಹಿಡಿದು ಬೀದಿಗೆ ಇಳಿದ.

1893ರ ಫೆಬ್ರವರಿ 22. ನ್ಯೂಯಾರ್ಕಿನಲ್ಲಿ ಜೋರು ಹಿಮಗಾಳಿ. ಫಿಫ್ತ್ ಅವೆನ್ಯೂ ರಸ್ತೆಯ ಒಂದು ಮೂಲೆಯಲ್ಲಿ ಇವನು ನಿಂತ. ಎಷ್ಟು ಹೊತ್ತು? ಮೂರು ಗಂಟೆ. ಸರಿಯಾದ ಕ್ಷಣಕ್ಕೆ ಕಾಯೋದೇ ಕೆಲಸ. ಕೈಕ್ಯಾಮೆರಾ ಅಂದ್ರೆ ಕಂಡದ್ದಕ್ಕೆಲ್ಲ ಕ್ಲಿಕ್ ಒತ್ತೋದಲ್ಲ, ಮೊದಲು ಜಾಗ ಆರಿಸಿ, ಗೆರೆಗಳನ್ನೂ ಬೆಳಕನ್ನೂ ನೋಡಿಕೊಂಡು, ಓಡಾಡೋ ಜನ ಗಾಡಿ ಎಲ್ಲ ಆ ಚೌಕಟ್ಟಿನಲ್ಲಿ ಸರಿಯಾಗಿ ಕೂರೋವರೆಗೂ ಕಾಯಬೇಕು ಅನ್ನೋದು ಅವನ ವಾದ. 1897ರಲ್ಲಿ ಬರೆದ ಲೇಖನವೊಂದರಲ್ಲಿ ಈ ಮೂರು ಗಂಟೆಯನ್ನೇ ಉದಾಹರಣೆ ಕೊಟ್ಟ. ಕೊನೆಗೆ ದೂರದಿಂದ ಒಂದು ಕುದುರೆ ಸಾರೋಟು ಬಂತು. ಹಿಮದಲ್ಲಿ ಚಕ್ರಗಳು ಕೊರೆದ ಜಾಡು, ಕುದುರೆಗಳು ತಲೆ ತಗ್ಗಿಸಿ ಎಳೀತಿವೆ, ಮೇಲೆ ಕೂತವನು ಚಾಟಿ ಎತ್ತಿದ್ದಾನೆ, ಎರಡೂ ಕಡೆ ಮನೆಗಳು ಹಿಮದ ಪರದೆಯೊಳಗೆ ಮಸುಕು. ಕ್ಲಿಕ್.

ಕಷ್ಟ ಎಲ್ಲಿದೆ ಅಂತ ಎಂಜಿನಿಯರುಗಳ ಹಾಗೆ ನೋಡೋಣ. ಆ ಪ್ಲೇಟುಗಳ ವೇಗ ಇವತ್ತಿನ ಫೋನ್ ಸೆನ್ಸರ್ ಮುಂದೆ ಏನೇನೂ ಅಲ್ಲ. ಮೋಡ ಕವಿದ ಹಿಮದ ದಿನ ಬೆಳಕು ಮೊದಲೇ ಕಮ್ಮಿ. ಗಾಡಿ ಓಡ್ತಿದೆ ಅಂತ ಶಟರ್ ಬೇಗ ಮುಚ್ಚಿದ್ರೆ ಪ್ಲೇಟಿಗೆ ಬೆಳಕು ಸಾಲಲ್ಲ, ತಡ ಮಾಡಿದ್ರೆ ಕುದುರೆ ಕಲಸಿಹೋಗತ್ತೆ. ಗಾಳಿಗೆ ಕೈ ಮರಗಟ್ಟಿದೆ. ಲೆನ್ಸ್ ಮೇಲೆ ಹಿಮದ ಹನಿ. ಸರಿ ಬಂತೋ ಇಲ್ವೋ ಅಂತ ಡಾರ್ಕ್‌ರೂಮಿಗೆ ಹೋಗೋವರೆಗೂ ಗೊತ್ತಾಗಲ್ಲ. ಲೈಟ್ ಮೀಟರ್ ಇಲ್ಲ, ಕಣ್ಣಳತೆಯೇ ಗತಿ. ಇವತ್ತಿಗೂ ಬಿಳಿ ತುಂಬಿದ ದೃಶ್ಯಕ್ಕೆ ಫೋನ್ ಹಿಡಿದ್ರೆ ಅದು ಮೋಸ ಹೋಗಿ ಬಿಳಿಯನ್ನ ಬೂದಿ ಮಾಡಿಬಿಡತ್ತೆ, ಗಮನಿಸಿದ್ದೀರಾ? ಮೀಟರಿಗೆ ಪ್ರಪಂಚವೆಲ್ಲ ಸರಾಸರಿ ಬೂದು ಅನ್ನೋ ನಂಬಿಕೆ. ಅದಕ್ಕೇ ಹಿಮಕ್ಕೋ ಮಂಜಿಗೋ ಒಂದು ಸ್ಟಾಪ್ ಜಾಸ್ತಿ ಕೊಡು ಅಂತ ಫೋಟೋಗ್ರಫಿ ಕ್ಲಬ್ಬಿನವರು ಹೇಳೋದು.

ನೆಗೆಟಿವ್ ತೊಳೆದು, ಇನ್ನೂ ಒಣಗಿರಲಿಲ್ಲ, ಹವ್ಯಾಸಿಗಳ ಸಂಘದಲ್ಲಿ ಹಿರಿಯರಿಗೆ ತೋರಿಸಿದ. ಅವರು ನಕ್ಕುಬಿಟ್ರು. ಎಲ್ಲಾ ಮಸುಕು, ಒಂದು ಕಡೆನೂ ಚೂಪಾಗಿಲ್ಲ, ಎಸೆದುಬಿಡು ಅಂದ್ರು. ಆ ಕಾಲಕ್ಕೆ ಒಳ್ಳೆ ಫೋಟೋ ಅಂದ್ರೆ ಎಲೆ ಎಲೆಯೂ ಎಣಿಸೋ ಹಾಗಿರಬೇಕು. ಇವನು ಎಸೆಯಲಿಲ್ಲ. ಅಕ್ಕಪಕ್ಕದಲ್ಲಿ ಬೇಡದ್ದೆಲ್ಲ ಕತ್ತರಿಸಿ, ಸಾರೋಟಿನ ಸುತ್ತಲ ಭಾಗವನ್ನಷ್ಟೇ ದೊಡ್ಡದು ಮಾಡಿ ಪ್ರಿಂಟ್ ಹಾಕಿದ. ಆಮೇಲೆ ಅದೇ ಚಿತ್ರ ಪ್ರದರ್ಶನಗಳಲ್ಲಿ ಊರೂರು ತಿರುಗಿತು. ನಾವು ಈ ಲೇಖನ ಬರೆಯೋಕೆ ಮುಖ್ಯ ಕಾರಣ ಈ ಘಟನೆಯೇ. ಹಿರಿಯರು ಕೆಟ್ಟವರಲ್ಲ, ಅವರ ಅಳತೆಗೋಲು ಬೇರೆ ಇತ್ತು. ನಮ್ಮ ಪ್ರಾಜೆಕ್ಟ್ ರಿವ್ಯೂಗಳಲ್ಲೂ ಹೀಗಾಗತ್ತೆ, ಆದರೆ ನಾವು ಅಲ್ಲೇ ಫೈಲ್ ಡಿಲೀಟ್ ಮಾಡಿಬಿಡ್ತೀವಿ.

ಅದೇ ಚಳಿಗಾಲದ ಇನ್ನೊಂದು ಚಿತ್ರ 'ಟರ್ಮಿನಲ್'. ನಮಗೆ ಫಿಫ್ತ್ ಅವೆನ್ಯೂ ಚಿತ್ರಕ್ಕಿಂತ ಇದೇ ಹೆಚ್ಚು ಇಷ್ಟ. ಆಗ ನ್ಯೂಯಾರ್ಕಿನ ಟ್ರಾಮುಗಳನ್ನ ಎಳೀತಿದ್ದದ್ದು ಕುದುರೆಗಳು. ಹಳೇ ಪೋಸ್ಟಾಫೀಸಿನ ಹತ್ತಿರ, ಆಸ್ಟರ್ ಹೌಸ್ ಹೋಟೆಲಿನ ಎದುರು, ಟ್ರಾಮ್ ತಿರುಗಿಸಿ ಮತ್ತೆ ಉತ್ತರಕ್ಕೆ ಹೊರಡೋ ಜಾಗ. ನೆಲದ ಮೇಲೆ ತುಳಿದು ಕರಗಿದ ಹಿಮ. ಓಡಿ ದಣಿದ ಕುದುರೆಗಳ ಬೆನ್ನಿಂದ ಹಬೆ ಏಳ್ತಿದೆ. ಬೆನ್ನು ತಿರುಗಿಸಿ ನಿಂತ ಗಾಡಿಯವನು ಅವಕ್ಕೆ ಉಪಚಾರ ಮಾಡ್ತಿದ್ದಾನೆ. ಅಷ್ಟೇ ಚಿತ್ರ. ಪರದೇಶಿಯ ಹಾಗೆ ಸ್ವಂತ ಊರಲ್ಲಿ ಅಲೀತಿದ್ದ ತನಗೆ, ಆ ಕುದುರೆಗಳನ್ನ ನೋಡಿಕೊಳ್ಳೋಕೆ ಅವನೊಬ್ಬನಾದ್ರೂ ಇದ್ದಾನಲ್ಲ ಅನ್ನಿಸಿತು ಅಂತ ಆಮೇಲೆ ಹೇಳಿಕೊಂಡಿದ್ದಾನೆ.

ಇಲ್ಲಿ ಸ್ವಲ್ಪ ನಮ್ಮ ಕಡೆಗೆ ಬರ್ತೀವಿ. ಹೊನ್ನಾಳಿ, ನ್ಯಾಮತಿ, ಚನ್ನಗಿರಿ ಸೀಮೆಯಲ್ಲಿ ಹಿಮ ಎಲ್ಲಿಂದ ಬೀಳಬೇಕು? ಆದರೆ ಡಿಸೆಂಬರ್ ಬೆಳಗ್ಗೆ ಗೋವಿನಕೋವಿ ಕಡೆ ಬಸ್ಸಿಗೆ ನಿಂತವರಿಗೆ ಚಳಿ ಅಂದ್ರೇನು ಅಂತ ಹೇಳಬೇಕಾಗಿಲ್ಲ. ತೋಟದ ಮೇಲೆ ಮಂಜು ಕೂತಿರತ್ತೆ, ಅಡಿಕೆ ಬೇಯಿಸೋ ಹಂಡೆಯಿಂದ ಹಬೆ ಏಳ್ತಿರತ್ತೆ, ಕಂಬಳಿ ಹೊದ್ದ ಅಜ್ಜ ಒಬ್ಬರು ಎಮ್ಮೆ ಮೈ ತಿಕ್ಕುತ್ತಿರ್ತಾರೆ, ಎಮ್ಮೆ ಉಸಿರೂ ಹಬೆಯೇ. ಟೀ ಅಂಗಡಿ ಮುಂದೆ ಗಾಜಿನ ಲೋಟ ಎರಡೂ ಕೈಲಿ ಹಿಡಿದು ನಿಂತವರ ಮುಖ ಕಾಣಲ್ಲ, ಮಫ್ಲರ್ ಮಾತ್ರ ಕಾಣತ್ತೆ. ಇದೆಲ್ಲ ದಿನಾ ನೋಡಿ ನೋಡಿ ನಮಗೆ ಕಾಣೋದೇ ನಿಂತುಹೋಗಿದೆ. ನ್ಯೂಯಾರ್ಕಿನವರಿಗೂ ಟ್ರಾಮ್ ಕುದುರೆ ಹಾಗೇ ಆಗಿತ್ತು. ಆ ಕಾಲದ ಹವ್ಯಾಸಿಗಳು ಚಿತ್ರಕ್ಕೆ ಅಂತ ಹುಡುಕಿಕೊಂಡು ಹೋಗ್ತಿದ್ದದ್ದು ಹಳ್ಳಿಯ ಕೆರೆ, ಹಳೇ ಸೇತುವೆ, ಕುರಿ ಮಂದೆ. ಮನೆ ಮುಂದಿನ ಕೆಸರು ಬೀದಿಯಲ್ಲಿ ಚಿತ್ರ ಇದೆ ಅಂತ ಯಾರೂ ಅಂದುಕೊಂಡಿರಲಿಲ್ಲ.

1893ರ ನವೆಂಬರಿನಲ್ಲಿ ಸ್ಟೀಗ್ಲಿಟ್ಜ್ ಮದುವೆಯಾದ. ಹುಡುಗಿ ಎಮಿಲೀನ್ ಓಬರ್‌ಮೆಯರ್, ಅವನ ವ್ಯಾಪಾರದ ಜೊತೆಗಾರನ ತಂಗಿ, ಬಿಯರ್ ಕಾರ್ಖಾನೆ ಮನೆತನದವಳು. ಆಕೆಯ ವರಮಾನ, ಅಪ್ಪನ ಸಹಾಯ ಎರಡೂ ಸೇರಿ ಇವನಿಗೆ ಸಂಬಳದ ಚಿಂತೆ ಇಲ್ಲದ ಹಾಗಾಯ್ತು. ಇದನ್ನ ಮುಚ್ಚಿಡಬಾರದು. ದುಡ್ಡಿಗೆ ಫೋಟೋ ತೆಗೆಯಲ್ಲ ಅನ್ನೋ ಛಲ ಹಿಡಿಯೋಕೆ ಯಾರೋ ಮನೆ ಬಾಡಿಗೆ ಕಟ್ಟಬೇಕು. ಪ್ಲೇಸ್‌ಮೆಂಟ್ ಸೀಸನ್ನಿನಲ್ಲಿ ಕೂತು ಇದನ್ನ ಓದ್ತಿರೋರಿಗೆ, ಎಜುಕೇಷನ್ ಲೋನ್ ಇರೋರಿಗೆ, ಅವನ ದಾರಿ ಹಾಗೇ ಹಿಡಿಯಿರಿ ಅಂತ ನಾವು ಹೇಳಲ್ಲ. ಆದರೆ ಅನುಕೂಲ ಇದ್ದ ಎಷ್ಟೋ ಜನ ಆ ಮೂರು ಗಂಟೆ ಹಿಮದಲ್ಲಿ ನಿಲ್ಲಲಿಲ್ಲ ಅನ್ನೋದೂ ನಿಜ.

1890ರ ದಶಕದ ಉಳಿದ ವರ್ಷಗಳಲ್ಲಿ ಅವನು ಮಳೆ, ಹಿಮ, ರಾತ್ರಿ ಮೂರನ್ನೂ ಬೆನ್ನಟ್ಟಿದ. ನ್ಯುಮೋನಿಯಾದಿಂದ ಎದ್ದು ಇನ್ನೂ ಸರಿಯಾಗಿ ಸುಧಾರಿಸಿರಲಿಲ್ಲ, ರಾತ್ರಿ ಹಿಮ ಬಿತ್ತು ಅಂತ ಬಟ್ಟೆ ಮೇಲೆ ಬಟ್ಟೆ ಹಾಕ್ಕೊಂಡು ಮನೆಯವರ ಕಣ್ಣು ತಪ್ಪಿಸಿ ಕ್ಯಾಮೆರಾ ಹೊತ್ತುಕೊಂಡು ಹೊರಟುಬಿಟ್ಟ. 1898ರ 'ಹಿಮಗಟ್ಟಿದ ರಾತ್ರಿ' ಅನ್ನೋ ಚಿತ್ರ ಬಂದದ್ದು ಹಾಗೆ. ಪಾರ್ಕಿನ ಪಕ್ಕದ ದಾರಿ, ಬೋಳು ಮರಗಳ ಸಾಲು, ಬೀದಿ ದೀಪದ ಸುತ್ತ ಬೆಳಕಿನ ಉಂಗುರ. 1897ರಲ್ಲಿ ನ್ಯೂಯಾರ್ಕಿನ ನೋಟಗಳನ್ನ ಸೇರಿಸಿ ಹನ್ನೆರಡು ಫೋಟೋಗ್ರೇವ್ಯೂರ್‌ಗಳ ಒಂದು ಸಂಪುಟವನ್ನೂ ತಂದ. ಬೀದಿ ಗುಡಿಸೋನು ಮಳೆಯಲ್ಲಿ ಒಂದು ಎಳೆ ಮರದ ಪಕ್ಕ ನಿಂತ ಚಿತ್ರ, ರೈಲ್ವೆ ಯಾರ್ಡಿನಲ್ಲಿ ಹೊಗೆ ಉಗುಳುತ್ತಾ ಬರೋ ಎಂಜಿನ್ನಿನ ಚಿತ್ರ (1902ರದು, ಹೆಸರು 'ಮನುಷ್ಯನ ಕೈ') ಇವೆಲ್ಲ ಅದರ ಬೆನ್ನಿಗೇ ಬಂದವು.

1902ರಲ್ಲಿ ನ್ಯೂಯಾರ್ಕಿನಲ್ಲಿ ತ್ರಿಕೋನಾಕಾರದ ಫ್ಲಾಟಿರಾನ್ ಕಟ್ಟಡ ಎದ್ದು ನಿಂತಿತು. ಉಕ್ಕಿನ ಚೌಕಟ್ಟಿನ ಮೇಲೆ ಕಟ್ಟಿದ ಆ ಕಾಲದ ಅಚ್ಚರಿ. ಸಿವಿಲ್‌ನವರಿಗೆ ಗೊತ್ತಿರತ್ತೆ. ಗಾಳಿ ಬಂದ್ರೆ ಬೀಳತ್ತೆ ಅಂತ ಜನ ಹೆದರ್ತಿದ್ರು. ಸ್ಟೀಗ್ಲಿಟ್ಜ್ ಒಂದು ದಿನ ಹಿಮ ಬೀಳೋವಾಗ ಅದನ್ನ ನೋಡಿದ. ದೈತ್ಯ ಹಡಗೊಂದರ ಮೂತಿ ತನ್ನ ಕಡೆಗೇ ತೇಲಿಬರ್ತಿದೆ ಅನ್ನಿಸಿತು ಅವನಿಗೆ. ಮುಂದೆ ಒಂದು ಕವಲೊಡೆದ ಕಪ್ಪು ಮರ, ಹಿಂದೆ ಬೂದು ಬಣ್ಣದ ಹಗೂರ ಕಟ್ಟಡ, ಕೆಳಗೆ ಬಿಳಿ ನೆಲ. ಅಪ್ಪನಿಗೆ ಆ ಕಟ್ಟಡವೇ ಇಷ್ಟ ಇರಲಿಲ್ಲ. ಇಷ್ಟು ವಿಕಾರವಾದದ್ದನ್ನ ಇಷ್ಟು ಚೆಂದ ಹೇಗೆ ತೆಗೆದೆ ಅಂತ ಮಗನನ್ನ ಕೇಳಿದ್ರಂತೆ.

ಸಂಘಗಳ ರಾಜಕೀಯದಲ್ಲೂ ಅವನು ಹಿಂದೆ ಬೀಳಲಿಲ್ಲ. ಎರಡು ಹವ್ಯಾಸಿ ಸಂಘಗಳು ಸೇರಿ 1896ರಲ್ಲಿ ಕ್ಯಾಮೆರಾ ಕ್ಲಬ್ ಆಫ್ ನ್ಯೂಯಾರ್ಕ್ ಆಯ್ತು. ಅದರ ಪತ್ರಿಕೆಯನ್ನ ಇವನು ಜಗತ್ತೇ ನೋಡೋ ಹಾಗೆ ತಂದ. ಆದರೆ ಸದಸ್ಯರಿಗೆ ಸಿಟ್ಟು: ನಮ್ಮ ಚಂದಾ ದುಡ್ಡಿನ ಪತ್ರಿಕೆಯಲ್ಲಿ ನಮ್ಮ ಚಿತ್ರಗಳೇ ಇರಲ್ವಲ್ಲ! ಅವನ ಜಗಳಗಂಟ ಸ್ವಭಾವ ಬೇರೆ. 1902ರಲ್ಲಿ ಬೇರೆಯಾಗಿ 'ಫೋಟೋ ಸೆಸೆಷನ್' ಅನ್ನೋ ಗುಂಪು ಕಟ್ಟಿದ. 1903ರಿಂದ 'ಕ್ಯಾಮೆರಾ ವರ್ಕ್' ಅನ್ನೋ ಸ್ವಂತ ಪತ್ರಿಕೆ. ಅದರ ಒಂದೊಂದು ಚಿತ್ರವನ್ನೂ ತಾನೇ ಪರೀಕ್ಷೆ ಮಾಡಿ ಅಂಟಿಸ್ತಿದ್ದ. ಒಳ್ಳೆ ಕಾಲದಲ್ಲಿ ಸಾವಿರದ ಆಸುಪಾಸು ಚಂದಾದಾರರಿದ್ದರು, 1917ರಲ್ಲಿ ನಿಲ್ಲಿಸೋ ಹೊತ್ತಿಗೆ ನಲವತ್ತೂ ಉಳಿದಿರಲಿಲ್ಲ. ಕಾಲೇಜು ಪತ್ರಿಕೆ ನಡೆಸೋ ನಮಗೆ ಈ ಅಂಕಿ ಓದಿ ಒಂಥರಾ ಸಮಾಧಾನ ಆಯ್ತು.

1905ರಲ್ಲಿ ಎಡ್ವರ್ಡ್ ಸ್ಟೈಕನ್ ಜೊತೆ ಸೇರಿ ಫಿಫ್ತ್ ಅವೆನ್ಯೂದ 291ನೇ ನಂಬರಿನಲ್ಲಿ ಒಂದು ಪುಟ್ಟ ಗ್ಯಾಲರಿ ತೆರೆದ. ಮೊದಲು ಫೋಟೋಗಳು, ಆಮೇಲೆ ರೋಡಿನ್, ಮಾಟೀಸ್, ಪಿಕಾಸೋ. ಇವರ ಕೃತಿಗಳನ್ನ ಅಮೆರಿಕದ ಜನ ಮೊದಮೊದಲು ನೋಡಿದ್ದು ಆ ಸಣ್ಣ ಕೋಣೆಗಳಲ್ಲಿ. ಇದು ಕಲೆಯ ಚರಿತ್ರೆಯಲ್ಲಿ ದೊಡ್ಡ ಅಧ್ಯಾಯ. ನಮ್ಮ ವಿಷಯ ಬೀದಿ ಚಿತ್ರ ಆದ್ದರಿಂದ ಇಷ್ಟಕ್ಕೇ ಬಿಡ್ತೀವಿ.

ಒಂದು ಚಿತ್ರ ಮಾತ್ರ ಬಿಡೋಕಾಗಲ್ಲ. 1907ರಲ್ಲಿ ಹೆಂಡತಿ ಮಗಳ ಜೊತೆ ಹಡಗಿನಲ್ಲಿ ಯೂರೋಪಿಗೆ ಹೊರಟಿದ್ದ, ಫಸ್ಟ್ ಕ್ಲಾಸ್. ಅಲ್ಲಿನ ಶ್ರೀಮಂತ ಜನರ ಹರಟೆ ತಡೀಲಾರದೆ ಮುಂದಕ್ಕೆ ನಡೆದು ಬಂದು ನೋಡಿದ್ರೆ ಕೆಳಗೆ ಅಗ್ಗದ ಟಿಕೆಟ್ಟಿನ ಜನ. ಮಧ್ಯೆ ಬಿಳಿ ಬಣ್ಣದ ಒಂದು ಕಿರುಸೇತುವೆ, ಒಂದು ಏಣಿ, ಮೇಲೆ ಒಬ್ಬನ ದುಂಡನೆ ಹುಲ್ಲಿನ ಟೋಪಿ, ಕೆಳಗೆ ಮಕ್ಕಳನ್ನ ಎತ್ತಿಕೊಂಡ ಹೆಂಗಸರು. ಓಡಿಹೋಗಿ ಕೋಣೆಯಿಂದ ಕ್ಯಾಮೆರಾ ತಂದ. ಉಳಿದಿದ್ದದ್ದು ಒಂದೇ ಪ್ಲೇಟು. ಅಷ್ಟರಲ್ಲಿ ಯಾರೂ ಅಲುಗಾಡಿರಲಿಲ್ಲ. 'ಸ್ಟೀರೇಜ್' ಅನ್ನೋ ಆ ಚಿತ್ರ ಅಚ್ಚಾದದ್ದು 1911ರಲ್ಲಿ. ಅಮೆರಿಕಕ್ಕೆ ವಲಸೆ ಬಂದವರ ಚಿತ್ರ ಅಂತ ಎಷ್ಟೋ ಕಡೆ ಹಾಕ್ತಾರೆ. ಹಡಗು ಹೊರಟಿದ್ದದ್ದು ಅಮೆರಿಕದಿಂದ ಆಚೆಗೆ. ಅವರು ವಾಪಸ್ ಹೋಗ್ತಿದ್ದ ಜನ.

ಮನೆ ಕಡೆ ಅವನ ಕಥೆ ಅಷ್ಟು ಚೆಂದ ಇಲ್ಲ. ಎಮಿಲೀನಳಿಗೂ ಅವನಿಗೂ ಹೊಂದಲಿಲ್ಲ. ಆಕೆಯ ದುಡ್ಡಿನಲ್ಲಿ ಬದುಕುತ್ತಾ ಆಕೆಯ ಪ್ರಪಂಚವನ್ನ ಹೀಯಾಳಿಸ್ತಿದ್ದ. 1898ರಲ್ಲಿ ಹುಟ್ಟಿದ ಮಗಳು ಕಿಟ್ಟಿಯನ್ನ ಚಿಕ್ಕಂದಿನಲ್ಲಿ ಬೇಕಾದಷ್ಟು ಫೋಟೋ ತೆಗೆದ, ಜೊತೆಗೆ ಕೂತದ್ದು ಕಮ್ಮಿ. 1916ರ ಹೊಸ ವರ್ಷದ ದಿನ, ಅವನ ಹುಟ್ಟುಹಬ್ಬದಂದೇ, ಜಾರ್ಜಿಯಾ ಓಕೀಫ್ ಅನ್ನೋ ಅಪರಿಚಿತ ಡ್ರಾಯಿಂಗ್ ಟೀಚರ್ ಒಬ್ಬಳ ಇದ್ದಿಲ ಚಿತ್ರಗಳನ್ನ ಯಾರೋ ತಂದು ತೋರಿಸಿದ್ರು. ಬೆರಗಾಗಿ ಅವಳನ್ನ ಕೇಳದೇ ಗ್ಯಾಲರಿಯಲ್ಲಿ ತೂಗುಹಾಕಿದ. ಆಕೆ ಬಂದು ಜಗಳ ಆಡಿದಳು. ಆಮೇಲೆ ಇಬ್ಬರೂ ಹತ್ತಿರವಾದ್ರು, 1918ರಲ್ಲಿ ಅವನು ಮನೆ ಬಿಟ್ಟ, 1924ರಲ್ಲಿ ಮದುವೆ. ಓಕೀಫ್ ಮುಂದೆ ಅಮೆರಿಕದ ದೊಡ್ಡ ಚಿತ್ರಕಲಾವಿದೆಯಾದಳು. ಅತ್ತ ಕಿಟ್ಟಿ 1923ರಲ್ಲಿ ಹೆರಿಗೆಯಾದ ಮೇಲೆ ತೀವ್ರ ಮಾನಸಿಕ ಕಾಯಿಲೆಗೆ ಬಿದ್ದು, ಉಳಿದ ಬದುಕನ್ನೆಲ್ಲ ಆಸ್ಪತ್ರೆಗಳಲ್ಲೇ ಕಳೆದಳು. ಒಳ್ಳೆ ಚಿತ್ರ ತೆಗೆದವನು ಒಳ್ಳೆ ಗಂಡ, ಒಳ್ಳೆ ಅಪ್ಪ ಆಗಿರ್ತಾನೆ ಅಂತ ಯಾವ ಲ್ಯಾಬ್ ಮ್ಯಾನುಯಲ್ಲಿನಲ್ಲೂ ಬರೆದಿಲ್ಲ.

ಆ ವರ್ಷಗಳ ಚಳಿಗಾಲದ ಚಿತ್ರಗಳಲ್ಲಿ ಇನ್ನೊಂದು ಗುಂಪು ನೋಡಲೇಬೇಕಾದ್ದು. 1915ರ ಸುಮಾರಿಗೆ 291ರ ಹಿಂದಿನ ಕಿಟಕಿಯಿಂದ ತೆಗೆದವು. ಹಿಂಬದಿಯ ಇಟ್ಟಿಗೆ ಗೋಡೆಗಳು, ಹಿಮ ಹೊತ್ತ ಒಂದು ಬಡಕಲು ಮರ, ಒಣಹಾಕಿದ ಬಟ್ಟೆ, ರಾತ್ರಿ ಹೊತ್ತು ಯಾರದೋ ಕಿಟಕಿಯ ದೀಪ. ಯಾರೂ ಇಲ್ಲ. ಇವು ಪ್ಲಾಟಿನಂ ಪ್ರಿಂಟುಗಳು. ಅಂದ್ರೆ ಕಾಗದಕ್ಕೆ ಕಬ್ಬಿಣದ ಲವಣ ಸವರಿ, ಬೆಳಕು ಬಿದ್ದ ಕಡೆ ಪ್ಲಾಟಿನಂ ಲೋಹ ಕಾಗದದ ನಾರಿನೊಳಗೇ ಕೂರೋ ಹಾಗೆ ಮಾಡೋದು. ಮಾಸಲ್ಲ, ಬೂದು ಬಣ್ಣದ ಛಾಯೆಗಳು ಒಂದರೊಳಗೊಂದು ಕರಗಿರತ್ತೆ. ಮೊದಲ ಮಹಾಯುದ್ಧದಲ್ಲಿ ಪ್ಲಾಟಿನಂ ಎಲ್ಲ ಯುದ್ಧಕ್ಕೆ ಹೋಯ್ತು, ಬೆಲೆ ಏರಿತು, ಆಮೇಲೆ ಪಲೇಡಿಯಂ ಕಾಗದ ಹಿಡಿಯಬೇಕಾಯ್ತು.

1920ರ ದಶಕದಲ್ಲಿ ಒಬ್ಬ ವಿಮರ್ಶಕ, ಇವನ ಚಿತ್ರಗಳ ಶಕ್ತಿ ಇರೋದು ಎದುರು ಕೂತವರ ಮೇಲೆ ಇವನು ಹಾಕೋ ಮೋಡಿಯಲ್ಲಿ ಅಂತ ಬರೆದ. ಸ್ಟೀಗ್ಲಿಟ್ಜ್‌ಗೆ ಉರಿದುಹೋಯ್ತು. ಮೋಡಗಳಿಗೆ ಮೋಡಿ ಹಾಕೋಕೆ ಆಗತ್ತಾ ನೋಡೋಣ ಅಂತ ಲೇಕ್ ಜಾರ್ಜ್ ಹತ್ತಿರದ ಮನೆಯಲ್ಲಿ ಕ್ಯಾಮೆರಾ ಆಕಾಶಕ್ಕೆ ತಿರುಗಿಸಿದ. ಮೋಡಕ್ಕೆ ತೆರಿಗೆ ಇಲ್ಲ, ಎಲ್ಲರ ತಲೆ ಮೇಲೂ ಇದೆ. ಹೀಗೆ ಶುರುವಾದ 'ಈಕ್ವಿವಲೆಂಟ್ಸ್' ಸರಣಿಯಲ್ಲಿ ಇನ್ನೂರಕ್ಕೂ ಹೆಚ್ಚು ಚಿತ್ರಗಳಾದವು.

ನಮ್ಮ ಕಡೆಯ ಓದುಗರಿಗೆ ಖುಷಿ ಕೊಡೋ ಒಂದು ಸಂಗತಿ: ಬಾಸ್ಟನ್ನಿನ ಲಲಿತಕಲಾ ಮ್ಯೂಸಿಯಂನಲ್ಲಿ ಭಾರತೀಯ ಕಲೆಯ ವಿಭಾಗ ನೋಡಿಕೊಳ್ತಿದ್ದವರು ಆನಂದ ಕುಮಾರಸ್ವಾಮಿ. ಶಿವನ ತಾಂಡವದ ಬಗ್ಗೆ ಬರೆದ ಅದೇ ಕುಮಾರಸ್ವಾಮಿ. ಫೋಟೋಗಳನ್ನ ಮ್ಯೂಸಿಯಂ ಇಟ್ಟುಕೊಳ್ಳೋದಾ ಅಂತ ಜನ ಹುಬ್ಬೇರಿಸ್ತಿದ್ದ ಕಾಲದಲ್ಲಿ, ಸ್ಟೀಗ್ಲಿಟ್ಜ್‌ನ ಚಿತ್ರಗಳು ತಮ್ಮಲ್ಲಿ ಇರಬೇಕು ಅಂತ ಪಟ್ಟು ಹಿಡಿದವರು ಅವರು. 1924ರಲ್ಲಿ 27 ಪ್ರಿಂಟುಗಳು ಬಾಸ್ಟನ್ನಿಗೆ ಹೋದವು. ಅವಕ್ಕೆ ಚೌಕಟ್ಟಿನ ಹಲಗೆ ಕೂರಿಸೋ ಕೆಲಸವನ್ನೂ ಸ್ಟೀಗ್ಲಿಟ್ಜ್ ಬೇರೆಯವರಿಗೆ ಬಿಡದೆ ತಾನೇ ನೋಡಿಕೊಂಡ.

ಕೊನೆಯ ವರ್ಷಗಳಲ್ಲಿ ಅವನು ಬೀದಿಗೆ ಇಳಿಯೋದು ನಿಂತಿತು. ಓಕೀಫ್ ಜೊತೆ ಶೆಲ್ಟನ್ ಹೋಟೆಲಿನ ಮೇಲಿನ ಅಂತಸ್ತಿನಲ್ಲಿ ವಾಸ. ಕೆಳಗೆ ನೋಡಿದ್ರೆ ಇವನು ಚಿತ್ರ ತೆಗೆದಿದ್ದ ಕುದುರೆ ಟ್ರಾಮಿನ ನ್ಯೂಯಾರ್ಕ್ ಇಲ್ಲವೇ ಇಲ್ಲ. ಅದೇ ಕಿಟಕಿಯಿಂದ, ಹಾಗೂ ಮ್ಯಾಡಿಸನ್ ಅವೆನ್ಯೂದ ಹದಿನೇಳನೇ ಮಹಡಿಯಲ್ಲಿ 1929ರಲ್ಲಿ ತೆರೆದ ತನ್ನ ಕೊನೆಯ ಗ್ಯಾಲರಿಯ ಕಿಟಕಿಯಿಂದ, ಏಳ್ತಿರೋ ಕಟ್ಟಡಗಳನ್ನ ತೆಗೆದ. ಒಂದೇ ದೃಶ್ಯವನ್ನ ತಿಂಗಳುಗಟ್ಟಲೆ ಮತ್ತೆ ಮತ್ತೆ. ಉಕ್ಕಿನ ಅಸ್ಥಿಪಂಜರ ಮೇಲೇರ್ತಾ ಹೋಗತ್ತೆ, ನೆರಳು ಉದ್ದ ಆಗತ್ತೆ, ಆಕಾಶ ಚಿಕ್ಕದಾಗತ್ತೆ. ಮನುಷ್ಯ ಒಬ್ಬನೂ ಕಾಣಲ್ಲ.

ಹೃದಯ ದುರ್ಬಲವಾಗಿ ದೊಡ್ಡ ಕ್ಯಾಮೆರಾ ಎತ್ತೋಕಾಗದೆ 1937ರಲ್ಲಿ ಫೋಟೋ ತೆಗೆಯೋದು ನಿಲ್ಲಿಸಿದ. 1946ರ ಜುಲೈ 13ರಂದು ಪಾರ್ಶ್ವವಾಯುವಿನಿಂದ ತೀರಿಹೋದ, 82 ವರ್ಷ. ಓಕೀಫ್ ಚಿತಾಭಸ್ಮವನ್ನ ಲೇಕ್ ಜಾರ್ಜ್ ದಡದ ಒಂದು ಪೈನ್ ಮರದ ಬುಡದಲ್ಲಿ ಹೂತಳು. ಆಮೇಲೆ ವರ್ಷಗಟ್ಟಲೆ ಕೂತು ಅವನು ಬಿಟ್ಟುಹೋದ ರಾಶಿಯನ್ನ ವಿಂಗಡಿಸಿದಳು. ಪ್ರತಿ ಚಿತ್ರದ ಅತ್ಯುತ್ತಮ ಪ್ರಿಂಟ್ ಆರಿಸಿ, 1,600ಕ್ಕೂ ಹೆಚ್ಚು ಚಿತ್ರಗಳ ಒಂದು ಪೂರ್ಣ ಸಂಗ್ರಹವನ್ನ ವಾಷಿಂಗ್ಟನ್ನಿನ ನ್ಯಾಷನಲ್ ಗ್ಯಾಲರಿಗೆ ಕೊಟ್ಟಳು. ಅದೆಲ್ಲ ಈಗ ಗ್ಯಾಲರಿಯ ವೆಬ್‌ಸೈಟಿನಲ್ಲಿ ಪುಕ್ಕಟೆ ಸಿಗತ್ತೆ. ಹಾಸ್ಟೆಲ್ ವೈಫೈ ಸರಿ ಇರೋ ಹೊತ್ತು ನೋಡಿಕೊಂಡು ತೆರೆಯಿರಿ. ಫಿಫ್ತ್ ಅವೆನ್ಯೂ ಚಿತ್ರವನ್ನ ಅವನು ಬೇರೆ ಬೇರೆ ವರ್ಷ ಬೇರೆ ಬೇರೆ ಥರ ಪ್ರಿಂಟ್ ಹಾಕಿದ್ದಾನೆ, ಪಕ್ಕಪಕ್ಕ ಇಟ್ಟು ನೋಡಿದ್ರೆ ಕತ್ತರಿ ಎಲ್ಲೆಲ್ಲಿ ಆಡಿದೆ ಅಂತ ಗೊತ್ತಾಗತ್ತೆ.